ಮಳೆ ಹುಟ್ಟುವ ಮುಂಚೆ: ತಾರಸಿ ಕೈತೋಟಕ್ಕೆ ಮುಂಗಾರಿನ ತಯಾರಿ

ಮೇ ತಿಂಗಳು ಬಂತೆಂದರೆ ನಮ್ಮ ಮನೆಯ ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬಿ ಕೆಳಗಿಳಿಯುತ್ತದೆ. ಒಳಗೆ ಅರ್ಧ ಬಳಸಿದ ಬೀಜದ ಪ್ಯಾಕೆಟ್ಟುಗಳು, ಪೇಪರಿನಲ್ಲಿ ಸುತ್ತಿಟ್ಟ ಹೀರೆ ಬೀಜ, ಯಾರೋ ಮದುವೆಯಲ್ಲಿ ಕೈಗಿಟ್ಟ ಬಸಳೆ ಬೀಜ. ಅದನ್ನು ಊಟದ ಮೇಜಿನ ಮೇಲೆ ಸುರಿದುಕೊಂಡು ಕೂತರೆ ಆಸೆಗೆ ಕಡಿವಾಣವೇ ಇರುವುದಿಲ್ಲ. ಈ ಸಲ ಅದೂ ಹಾಕಬೇಕು, ಇದೂ ಹಾಕಬೇಕು. ಒಂದು ವರ್ಷ ಹೀಗೇ ಹದಿನೆಂಟು ಬಗೆಯ ಬೀಜ ಹಾಕಿದೆ. ತಿನ್ನೋಕೆ ಸಿಕ್ಕಿದ್ದು ಐದು.

ಆಮೇಲೆ ಒಂದು ಕ್ರಮ ಮಾಡಿಕೊಂಡೆ. ಬೀಜದ ಡಬ್ಬಿ ತೆರೆಯುವುದು ಕೊನೆಗೆ. ಅದಕ್ಕೂ ಮೊದಲು ಬಿಸಿಲು, ಭಾರ, ಮಣ್ಣು, ನೀರು, ಮನೆಯ ಊಟ ಎಲ್ಲದರ ಲೆಕ್ಕ ಆಗಬೇಕು. ನಾನಿರುವುದು ಬೆಂಗಳೂರಿನಲ್ಲಿ, 30x40 ಸೈಟಿನ ಮನೆ. ತಾರಸಿಯ ಮೇಲೆ ಸುಮಾರು ನಲವತ್ತು ಚೀಲ, ಕುಂಡಗಳಿವೆ. ಕೆಳಗೆ ಬರೆದಿರುವುದೆಲ್ಲ ಅಲ್ಲಿ ಮಾಡಿ, ಕೆಡಿಸಿ ಕಲಿತದ್ದು.

ಸೀಮೆಸುಣ್ಣ ಹಿಡಿದು ತಾರಸಿಗೆ ಹೋಗಿ

ಮೋಡವಿಲ್ಲದ ಒಂದು ದಿನ ನೋಡಿಕೊಳ್ಳಿ. ಬೆಳಗ್ಗೆ 9, ಮಧ್ಯಾಹ್ನ 12, ಸಂಜೆ 4 ಗಂಟೆಗೆ ಮೇಲೆ ಹೋಗಿ, ನೆರಳಿನ ಅಂಚಿನುದ್ದಕ್ಕೂ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮೂರು ಸಲವೂ ನೆರಳು ಬೀಳದ ಜಾಗವೇ ನಿಮ್ಮ ಬೆಂಡೆ, ಟೊಮೆಟೊ, ಮೆಣಸಿನಕಾಯಿಯ ಜಾಗ. ಇವಕ್ಕೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮೂರು–ನಾಲ್ಕು ಗಂಟೆ ಬಿಸಿಲು ಬೀಳುವ ಕಡೆ ಪಾಲಕ್, ಪುದೀನ, ದೊಡ್ಡಪತ್ರೆ, ಬಸಳೆ ನಡೆಯುತ್ತವೆ. ಅದಕ್ಕಿಂತ ಕಡಿಮೆಯಿದ್ದರೆ ತರಕಾರಿಯ ಆಸೆ ಬಿಡಿ. ಅಲ್ಲಿ ಗೊಬ್ಬರದ ಡ್ರಮ್ ಇಡಿ.

ನಮ್ಮ ಪಕ್ಕದ ಸೈಟಿನಲ್ಲಿ ಮೂರು ಅಂತಸ್ತಿನ ಮನೆ ಎದ್ದ ವರ್ಷ ನಾನು ಈ ಗೆರೆ ಎಳೆಯಲಿಲ್ಲ. ಬದನೆ ಗಿಡ ಎದೆಯುದ್ದ ಬೆಳೆದು, ಎಲೆ ಬಿಟ್ಟು, ಒಂದೇ ಒಂದು ಕಾಯಿ ಕಟ್ಟಲಿಲ್ಲ. ಗೊಬ್ಬರ ಸಾಲದೇನೋ ಅಂತ ಸುರಿದೆ, ಸುರಿದೆ. ಅದಕ್ಕೆ ಬೇಕಿದ್ದದ್ದು ಬಿಸಿಲು ಅಷ್ಟೇ.

ತಾರಸಿ ಎಷ್ಟು ಹೊರುತ್ತದೆ?

ಈ ಲೆಕ್ಕವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆಜಿ ಭಾರ ಹೊರುವ ಲೆಕ್ಕದಲ್ಲಿ ಕಟ್ಟುತ್ತಾರೆ. ಈಗ ಒಂದು ಚದರ ಮೀಟರ್ ಜಾಗದಲ್ಲಿ ಒಂದಡಿ ದಪ್ಪ ಮಣ್ಣು ತುಂಬಿ, ಅದು ಮಳೆಗೆ ನೆನೆಯಲಿ. ಸುಮಾರು 450–500 ಕೆಜಿ! ಇಟ್ಟಿಗೆ ಕಟ್ಟಿ, ಒಳಗೆ ಮಣ್ಣು ತುಂಬಿ ಪಾತಿ ಮಾಡೋಣ ಅನ್ನುವ ಯೋಚನೆಯಿದ್ದರೆ ಇಂಜಿನಿಯರನ್ನು ಕೇಳದೆ ಕೈ ಹಾಕಬೇಡಿ.

12 ಇಂಚು ಅಗಲ, 12 ಇಂಚು ಎತ್ತರದ ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಸುಮಾರು 22 ಲೀಟರ್ ಮಣ್ಣು ಹಿಡಿಯುತ್ತದೆ. ನೆನೆದಾಗ 25 ಕೆಜಿ ತೂಗಬಹುದು. ಹಾಗಾಗಿ ಚದರ ಮೀಟರಿಗೆ ಮೂರು–ನಾಲ್ಕು ಚೀಲಕ್ಕಿಂತ ಜಾಸ್ತಿ ಒತ್ತೊತ್ತಾಗಿ ಇಡಬೇಡಿ. ಭಾರದ ಕುಂಡಗಳನ್ನು ಗೋಡೆ, ತೊಲೆಗಳ ಮೇಲೆ ಬರುವಂತೆ ಅಂಚಿನಲ್ಲಿ ಜೋಡಿಸಿ, ನಡುವೆ ಓಡಾಡಲು ಜಾಗ ಬಿಡಿ. ಪ್ರತಿ ಚೀಲದ ಕೆಳಗೂ ಎರಡು ಇಟ್ಟಿಗೆ ತುಂಡು ಇರಲಿ. ನೀರು ಹರಿದುಹೋಗುತ್ತದೆ, ಸೋರಿಕೆ ಶುರುವಾದರೆ ಬೇಗ ಕಣ್ಣಿಗೆ ಬೀಳುತ್ತದೆ. ಕುಂಡದ ಕೆಳಗಿನ ತಟ್ಟೆಗಳನ್ನು ಮಳೆಗಾಲ ಮುಗಿಯುವವರೆಗೆ ತೆಗೆದಿಡಿ. ಡೆಂಗೀ ಸೊಳ್ಳೆಗೆ ಅಷ್ಟು ನೀರು ಧಾರಾಳ ಸಾಕು.

ಹಳೇ ಮಣ್ಣು ಎಸೆಯಬೇಡಿ, ಆದರೆ ನಂಬಲೂ ಬೇಡಿ

ಬೇಸಿಗೆಯಲ್ಲಿ ಒಣಗಿದ ಗಿಡ ಕಿತ್ತಾಗ ಬೇರನ್ನು ಒಮ್ಮೆ ತೊಳೆದು ನೋಡಿ. ಟೊಮೆಟೊ, ಬೆಂಡೆ, ಬದನೆಯ ಬೇರಿನಲ್ಲಿ ಶುಂಠಿಯ ಥರ ಗಂಟುಗಂಟು ಕಂಡರೆ ಆ ಮಣ್ಣಿನಲ್ಲಿ ಬೇರಿಗೆ ಗಂಟು ಕಟ್ಟಿಸುವ ಜಂತುಹುಳು (ನೆಮಟೋಡ್) ಸೇರಿದೆ. ಬೀನ್ಸ್, ಅವರೆಯ ಬೇರಿನಲ್ಲೂ ಗಂಟು ಇರುತ್ತವೆ. ಅವು ಒಳ್ಳೆಯವು, ಗಾಳಿಯ ಸಾರಜನಕ ಹಿಡಿದಿಡುವ ಗಂಟು. ಗುರುತಿಸುವುದು ಸುಲಭ: ಉಗುರಿನಲ್ಲಿ ತಟ್ಟಿದರೆ ಕಳಚಿಕೊಂಡು ಬಂದು, ಒಳಗೆ ನಸುಗೆಂಪು ಕಂಡರೆ ಒಳ್ಳೆಯ ಗಂಟು. ಬೇರೇ ಊದಿಕೊಂಡಿದ್ದು, ಕಳಚದೇ ಇದ್ದರೆ ಕೆಟ್ಟದ್ದು.

ಕೆಟ್ಟ ಗಂಟು ಕಂಡ ಮಣ್ಣನ್ನು ಬಿಸಿಲಿಗೆ ಬೇಯಿಸಬೇಕು. ತಾರಸಿಯ ಮೇಲೆ ಟಾರ್ಪಾಲು ಹಾಸಿ, ಮಣ್ಣನ್ನು ನಾಲ್ಕೈದು ಇಂಚು ದಪ್ಪ ಹರಡಿ, ಸ್ವಲ್ಪ ನೀರು ಚಿಮುಕಿಸಿ, ಮೇಲೆ ತೆಳ್ಳಗಿನ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚುಗಳಿಗೆ ಕಲ್ಲು ಹೇರಿ. ನಾಲ್ಕರಿಂದ ಆರು ವಾರ ಒಳ್ಳೆಯ ಬಿಸಿಲು ಬೇಕು. ಏಪ್ರಿಲ್‌ನಲ್ಲೇ ಶುರು ಮಾಡಿದರೆ ಚೆಂದ. ತಡವಾಯಿತೆಂದರೆ ಆ ಮಣ್ಣಿಗೆ ಈ ಸಲ ಚೆಂಡುಹೂ ಹಾಕಿ, ತರಕಾರಿ ಹಾಕಬೇಡಿ.

ಆಮೇಲೆ ಮಿಶ್ರಣ. ನಾನು ಮಳೆಗಾಲಕ್ಕೆ ಹಾಕುವ ಅಳತೆ ಇದು: ಮಣ್ಣು ನಾಲ್ಕು ಬುಟ್ಟಿ, ಚೆನ್ನಾಗಿ ಕಳಿತ ಗೊಬ್ಬರ ಅಥವಾ ಎರೆಗೊಬ್ಬರ ಮೂರು ಬುಟ್ಟಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದೂವರೆ ಬುಟ್ಟಿ, ದಪ್ಪ ಮರಳು ಇಲ್ಲವೇ ಭತ್ತದ ಹೊಟ್ಟು ಒಂದೂವರೆ ಬುಟ್ಟಿ. ಪ್ರತಿ ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಬೇಸಿಗೆಗೆ ಕೋಕೋಪೀಟ್ ಜಾಸ್ತಿ ಹಾಕಿ ಅಂತಾರಲ್ಲ, ಅದೇ ಅಳತೆ ಮಳೆಗಾಲಕ್ಕೆ ಹಾಕಿದರೆ ಚೀಲ ತಿಂಗಳುಗಟ್ಟಲೆ ಒದ್ದೆಯಾಗೇ ಇದ್ದು ಬೇರು ಕೊಳೆಯುತ್ತದೆ. ಹೊಸ ಕೋಕೋಪೀಟ್ ಇಟ್ಟಿಗೆ ತಂದರೆ ಎರಡು ಸಲವಾದರೂ ನೀರಿನಲ್ಲಿ ನೆನೆಸಿ ಹಿಂಡಿ. ಅದರಲ್ಲಿ ಉಪ್ಪಿನಂಶ ಇರುತ್ತದೆ. ಮಿಶ್ರಣ ಕಲಸಿದ ಮೇಲೆ ಹತ್ತು–ಹದಿನೈದು ದಿನ ತೇವದಲ್ಲೇ ಬಿಡಿ, ಅದೇ ದಿನ ಬಿತ್ತಬೇಡಿ.

ಗೊಬ್ಬರ ಕೊಳ್ಳುವ ಬದಲು ಅಡುಗೆಮನೆಯ ಕಸದಿಂದ ಮಾಡುವವರು ಒಂದು ಮಾತು ನೆನಪಿಡಿ. ಸಿಪ್ಪೆ ಗೊಬ್ಬರವಾಗಲು ಎರಡು ತಿಂಗಳು ಬೇಕು. ಇವತ್ತು ಶುರು ಮಾಡಿದ ಡ್ರಮ್ ಬರುವುದು ಜುಲೈ ಗಿಡಗಳಿಗೆ. ಹಸಿ ಕಸದ ಎರಡರಷ್ಟು ಒಣ ಎಲೆ ಹಾಕದಿದ್ದರೆ ಮಳೆಗಾಲದಲ್ಲಿ ವಾಸನೆ, ಹುಳ, ಮನೆಯವರ ಬೈಗುಳ ಮೂರೂ ಗ್ಯಾರಂಟಿ. ಒಣ ಎಲೆ ಬೀದಿಯಲ್ಲಿ ರಾಶಿ ಬೀಳುವುದು ಫೆಬ್ರವರಿ, ಮಾರ್ಚಿನಲ್ಲಿ. ಆಗಲೇ ನಾಲ್ಕು ಗೋಣಿಚೀಲ ತುಂಬಿ ಮೆಟ್ಟಿಲ ಕೆಳಗೆ ಇಟ್ಟುಕೊಳ್ಳಬೇಕು.

ನೀರು

2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು, ನೆನಪಿದೆಯಾ? ಆ ಬೇಸಿಗೆಯಲ್ಲಿ ನನ್ನ ಅರ್ಧ ತೋಟ ಹೋಯಿತು. ಉಳಿದರ್ಧ ಉಳಿದದ್ದು ಅಕ್ಕಿ ತೊಳೆದ ನೀರಿನಿಂದ, ಸೊಪ್ಪು ತೊಳೆದ ನೀರಿನಿಂದ.

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ತಾರಸಿ 1200 ಚದರ ಅಡಿ ಅನ್ನಿ, ಅಂದರೆ ಸುಮಾರು 111 ಚದರ ಮೀಟರ್. ಹತ್ತು ಮಿಲಿಮೀಟರಿನ ಒಂದು ಸಂಜೆ ಮಳೆಗೆ ಸಾವಿರ ಲೀಟರಿಗೂ ಮೇಲೆ. ನಲವತ್ತು ಚೀಲಕ್ಕೆ ದಿನಕ್ಕೊಂದು ಲೀಟರಿನಂತೆ ಹಾಕಿದರೂ 25 ದಿನ ಬರುತ್ತದೆ. ಅಷ್ಟೂ ಹಿಡಿಯಲಾಗದಿದ್ದರೂ, ಪೈಪಿನ ಬಾಯಿಗೆ ಒಂದು ಹಳೇ 200 ಲೀಟರ್ ಡ್ರಮ್ ಇಟ್ಟು, ಡ್ರಮ್ಮಿನ ಬಾಯಿಗೆ ಸೊಳ್ಳೆ ಪರದೆ ಕಟ್ಟಿ. ವರ್ಷದ ಮೊದಲ ಮಳೆಯ ನೀರು ಮಾತ್ರ ಹಿಡಿಯಬೇಡಿ, ತಾರಸಿಯ ಧೂಳು, ಪಾರಿವಾಳದ ಹಿಕ್ಕೆ ಎಲ್ಲಾ ಅದರಲ್ಲೇ ಬರುತ್ತದೆ. ನೀರು ಶುದ್ಧ ಮಾಡುವ ಮೆಷಿನ್ನಿಂದ ಹೊರಬರುವ ನೀರೂ ಉಪ್ಪುಪ್ಪು. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಊಟದ ಲೆಕ್ಕ

ಈಗ ಒಂದು ಹಾಳೆ ತಗೊಂಡು, ಮನೆಯವರು ವಾರಕ್ಕೆ ಏನು ತಿನ್ನುತ್ತಾರೆ ಅಂತ ಬರೆಯಿರಿ. ನೀವು ಏನು ಬೆಳೆಯಲು ಆಸೆಪಡುತ್ತೀರಿ ಅಂತಲ್ಲ! ನಮ್ಮನೆಯಲ್ಲಿ ಮೂಲಂಗಿ ಯಾರೂ ಮುಟ್ಟಲ್ಲ, ಆದರೂ ಮೂರು ವರ್ಷ ಬೆಳೆದೆ. ಬೇಗ ಬರುತ್ತದಲ್ಲ, ಅದರ ಖುಷಿ.

ನಾಲ್ಕು ಜನರ ಮನೆಗೆ ಬೆಂಡೆ ಎಷ್ಟು ಗಿಡ ಬೇಕು? ಕಾಯಿ ಬಿಡುವ ಕಾಲದಲ್ಲಿ ಒಂದು ಗಿಡ ಎರಡು ದಿನಕ್ಕೊಂದು ಕಾಯಿ ಕೊಟ್ಟಿತು ಅನ್ನಿ. ಒಂದು ಪಲ್ಯಕ್ಕೆ ಹದಿನೆಂಟು–ಇಪ್ಪತ್ತು ಕಾಯಿ ಬೇಕು. ಹತ್ತು ಗಿಡವಿದ್ದರೆ ನಾಲ್ಕು ದಿನಕ್ಕೊಂದು ಪಲ್ಯ. ಮೂರೇ ಗಿಡ ಹಾಕಿದರೆ ದಿನಾ ಒಂದೆರಡು ಕಾಯಿ ಕಿತ್ತು ಫ್ರಿಜ್ಜಿನಲ್ಲಿಟ್ಟು, ಪಲ್ಯಕ್ಕೆ ಸಾಕಾಗುವಷ್ಟು ಸೇರುವ ಹೊತ್ತಿಗೆ ಮೊದಲ ಕಾಯಿ ಮುದುಡಿರುತ್ತದೆ. ಮೆಣಸಿನಕಾಯಿ ಇದಕ್ಕೆ ಉಲ್ಟಾ. ಮೂರು ಗಿಡ ಚೆನ್ನಾಗಿ ಬಂದರೆ ಮನೆಗೆ ಸಾಕು. ಬದನೆ ನಾಲ್ಕು. ಹೀರೆ ಎರಡು ಬಳ್ಳಿ, ಹಾಗಲ ಒಂದು, ಪಡವಲ ಒಂದು. ಬಳ್ಳಿಗಳಿಗೆ 12 ಇಂಚಿನ ಚೀಲ ಕನಿಷ್ಠ, 15 ಇಂಚಿನದ್ದು ಸಿಕ್ಕರೆ ಒಳ್ಳೆಯದು.

ಸೊಪ್ಪಿಗೆ ಆರು ಅಗಲದ ಟಬ್ ಇಟ್ಟುಕೊಳ್ಳಿ. ಆರನ್ನೂ ಒಂದೇ ದಿನ ಬಿತ್ತಿದರೆ ಒಂದು ವಾರ ಮನೆತುಂಬಾ ದಂಟಿನ ಸೊಪ್ಪು, ಆಮೇಲೆ ತಿಂಗಳು ಬರಿಗೈ. ಹತ್ತು ದಿನಕ್ಕೆ ಎರಡರಂತೆ ಬಿತ್ತಿ. ಮೊದಲ ಜೋಡಿ ಕೊಯ್ಲಿಗೆ ಬರುವ ಹೊತ್ತಿಗೆ ಮೂರನೇ ಜೋಡಿ ಮೊಳೆತಿರುತ್ತದೆ. ದಂಟು, ಹರಿವೆ, ಮೆಂತ್ಯ ಎಲ್ಲ ಮೂರು–ನಾಲ್ಕು ವಾರದ ಬೆಳೆ.

ಮುಂಗಾರಿಗೆ ಟೊಮೆಟೊ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸಲ್ಲ. ಜೂನ್, ಜುಲೈನ ಮೋಡ, ಜಿಟಿಜಿಟಿ ಮಳೆಯಲ್ಲಿ ಎಲೆಗೆ ಅಂಗಮಾರಿ ರೋಗ ಬಂದೇ ಬರುತ್ತದೆ. ಹಠ ಇದ್ದರೆ ಸೂರಿನ ಕೆಳಗೆ ನಾಲ್ಕು ಗಿಡ ಇಡಿ. ಇಲ್ಲವೇ ಆಗಸ್ಟ್ ಮಧ್ಯದಲ್ಲಿ ಸಸಿ ಮಾಡಿ ಸೆಪ್ಟೆಂಬರ್ ಕೊನೆಗೆ ನೆಡಿ.

ಈಗ ಡಬ್ಬಿ ತೆರೆಯಿರಿ

ಹಳೇ ಬೀಜ ಬಿತ್ತುವ ಮುಂಚೆ ಪರೀಕ್ಷೆ ಮಾಡಿ. ಹತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿಟ್ಟು ಒಲೆಯ ಹತ್ತಿರದ ಶೆಲ್ಫಿನಲ್ಲಿಡಿ. ಬಟ್ಟೆ ಒಣಗಬಾರದು, ನೀರೂ ನಿಲ್ಲಬಾರದು. ಒಂದು ವಾರದಲ್ಲಿ ಏಳೆಂಟು ಮೊಳೆತರೆ ಬೀಜ ಚೆನ್ನಾಗಿದೆ. ನಾಲ್ಕೈದಾದರೆ ಒಂದೊಂದು ಕುಳಿಗೂ ಎರಡು ಬೀಜದಂತೆ ಹಾಕಿ. ಒಂದೋ ಎರಡೋ ಆದರೆ ಪ್ಯಾಕೆಟ್ ಕಸಕ್ಕೆ. ಈರುಳ್ಳಿ ಬೀಜ ಒಂದು ವರ್ಷ ದಾಟಿದರೆ ಬಹುತೇಕ ಸತ್ತ ಹಾಗೆ. ಟೊಮೆಟೊ, ಸೋರೆ, ಹೀರೆ ಮೂರು ವರ್ಷಕ್ಕೂ ಬರುತ್ತವೆ.

ಹೊಸ ಬೀಜಕ್ಕೆ ನಾನು ಹೋಗುವುದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ. 1967ರಲ್ಲಿ ಶುರುವಾದ ಸಂಸ್ಥೆ, ಅವರ ತಳಿಗಳ ಹೆಸರೆಲ್ಲ 'ಅರ್ಕಾ' ಅಂತ ಶುರುವಾಗುತ್ತವೆ. ಬೆಂಡೆಗೆ ಅರ್ಕಾ ಅನಾಮಿಕಾ, ಬೀನ್ಸಿಗೆ ಅರ್ಕಾ ಕೋಮಲ್, ಹಾಗಲಕ್ಕೆ ಅರ್ಕಾ ಹರಿತ, ಮತ್ತೆ ಮತ್ತೆ ಕೊಯ್ಯುವ ಸೊಪ್ಪಿಗೆ ಅರ್ಕಾ ಸುಗುಣ. ಟೊಮೆಟೊ ಹಾಕಲೇಬೇಕು ಅನ್ನುವವರಿಗೆ ಅರ್ಕಾ ರಕ್ಷಕ್, ಮೂರು ರೋಗ ತಡೆಯುವ ಹೈಬ್ರಿಡ್. ಹೈಬ್ರಿಡ್ ಅಂದ ಮೇಲೆ ಅದರ ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಿದರೆ ಅದೇ ಗುಣ ಬರಲ್ಲ. ಬೀಜ ಎತ್ತಿಡುವ ಆಸೆಯಿದ್ದರೆ ನಾಟಿ ತಳಿ ತಗೊಳ್ಳಿ.

ಪ್ಯಾಕೆಟ್ಟಿನ ಹಿಂಬದಿಯಲ್ಲಿ ಪರೀಕ್ಷೆಯ ದಿನಾಂಕ, ಮೊಳಕೆಯ ಪ್ರಮಾಣ ಇರುತ್ತದೆ, ಓದಿ. ಬೀಜಕ್ಕೆ ಗುಲಾಬಿಯೋ ನೀಲಿಯೋ ಬಣ್ಣ ಹಚ್ಚಿದ್ದರೆ ಔಷಧಿ ಬಳಿದಿದ್ದಾರೆ ಅಂತ ಅರ್ಥ, ಮಕ್ಕಳ ಕೈಗೆ ಕೊಡಬೇಡಿ. ಒಮ್ಮೆ ಆನ್‌ಲೈನಿನಲ್ಲಿ ಕೆಂಪು ಬೆಂಡೆ ಬೀಜ ತರಿಸಿದ್ದೆ. ಎರಡು ತಿಂಗಳು ಕಾದ ಮೇಲೆ ಹಚ್ಚಹಸಿರು ಕಾಯಿ ಬಂತು. ರುಚಿ ಚೆನ್ನಾಗಿತ್ತು, ಅದು ಬೇರೆ ಮಾತು.

ಯಾವ ಮಳೆಗೆ ಏನು

ನಮ್ಮತ್ತೆಯ ಊರು ಹಾಸನದ ಕಡೆ. ತಿಂಗಳ ಲೆಕ್ಕ ಅವರಿಗೆ ಬರುವುದೇ ಇಲ್ಲ, ಎಲ್ಲ ಮಳೆ ನಕ್ಷತ್ರದ ಲೆಕ್ಕ: ಸುಮಾರು ಎರಡು ವಾರಕ್ಕೊಂದು ನಕ್ಷತ್ರ, ಅದರ ಹೆಸರಿನದೇ ಮಳೆ. ಮೊದಲ ವರ್ಷ ಮೇ ಹತ್ತಕ್ಕೇ ಚೀಲ ತುಂಬಿಸಿ, "ಅತ್ತೆ, ಹೀರೆ ಬೀಜ ಹಾಕಿಬಿಡ್ಲಾ?" ಅಂದೆ. "ರೋಹಿಣಿ ಬರ್ಲಿ ಕಣಮ್ಮ. ಈಗ ಹಾಕಿದ್ರೆ ಎಳೆ ಬಳ್ಳಿ ಬಿಸಿಲಿಗೇ ಬೆಂದೋಗುತ್ತೆ" ಅಂದರು. ಕೇಳಲಿಲ್ಲ, ಹಾಕಿದೆ, ಬೆಂದುಹೋಯಿತು. ಈಗ ಕ್ಯಾಲೆಂಡರಿನಲ್ಲಿ ನಾನೂ ಮಳೆ ಹುಟ್ಟುವ ದಿನ ನೋಡುತ್ತೇನೆ.

ಭರಣಿ, ಕೃತ್ತಿಕೆ, ಅಂದರೆ ಏಪ್ರಿಲ್ ಕೊನೆಯಿಂದ ಮೇ 24ರ ಹೊತ್ತು: ಮಣ್ಣಿನ ಕೆಲಸ, ಚಪ್ಪರದ ಕೆಲಸ. ಬದನೆ, ಮೆಣಸಿನಕಾಯಿ ಬೀಜವನ್ನು ಈಗಲೇ ಟ್ರೇಯಲ್ಲಿ ಹಾಕಿ ನೆರಳಲ್ಲಿಡಿ. ಬದನೆ ಸಸಿಗೆ ನಾಲ್ಕೈದು ವಾರ, ಮೆಣಸಿಗೆ ಇನ್ನೂ ಒಂದು ವಾರ ಜಾಸ್ತಿ. ಸಸಿಗೆ ಬೆಳಗ್ಗೆ ಮಾತ್ರ ನೀರು. ಸಂಜೆ ಹಾಕಿದರೆ ರಾತ್ರಿಯೆಲ್ಲ ಒದ್ದೆಯಿದ್ದು ಕುತ್ತಿಗೆ ಕೊಳೆತು ಮಲಗುತ್ತವೆ.

ರೋಹಿಣಿ, ಮೇ 25ರಿಂದ ಜೂನ್ 7ರವರೆಗೆ: ಬೆಂಡೆ, ಹೀರೆ, ಹಾಗಲ, ಪಡವಲ ನೇರ ಚೀಲಕ್ಕೆ. ಬೆಂಡೆ ಬೀಜ ರಾತ್ರಿ ನೆನೆಸಿಡಿ. ಹಾಗಲದ ಸಿಪ್ಪೆ ಗಟ್ಟಿ, ಉಗುರು ಕತ್ತರಿಸುವ ಕಟರಿನಲ್ಲಿ ತುದಿ ಸ್ವಲ್ಪವೇ ಚಿವುಟಿ, ಒಂದು ದಿನ ನೆನೆಸಿ. ಬೀಜ ಎಷ್ಟು ದಪ್ಪವೋ ಅದರ ಎರಡರಷ್ಟು ಆಳ ಸಾಕು. ಬೆಂಡೆ 45–50 ದಿನಕ್ಕೆ ಮೊದಲ ಕಾಯಿ ಕೊಡುತ್ತದೆ, ಬಳ್ಳಿಗಳು ಎರಡು ತಿಂಗಳ ಹತ್ತಿರ.

ಮೃಗಶಿರ, ಆರಿದ್ರ, ಜೂನ್ 8ರಿಂದ ಜುಲೈ ಮೊದಲ ವಾರ: ಸಸಿ ನಾಟಿ, ಬೀನ್ಸ್, ಸೊಪ್ಪಿನ ಸರದಿ. ನಾಟಿಗೆ ಮೋಡದ ಸಂಜೆ ನೋಡಿ. ಕೊತ್ತಂಬರಿಯನ್ನು ಚಪ್ಪಲಿಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ, ಜೋರು ಮಳೆ ನೇರ ಬೀಳದ ಕಡೆ ಇಡಿ.

ಈ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಮಳೆಗಿಂತ ಗಾಳಿಯ ಕಾಟ ಹೆಚ್ಚು. ಜೂನ್, ಜುಲೈ ಪೂರ್ತಿ ಪಶ್ಚಿಮದಿಂದ ಬೀಸುತ್ತಲೇ ಇರುತ್ತದೆ. ಮೊದಲ ವರ್ಷ ಬಿದಿರು ಕಡ್ಡಿ ನೆಟ್ಟು ದಾರ ಎಳೆದ ನನ್ನ ಚಪ್ಪರ, ಎರಡು ಬಳ್ಳಿಯ ಸಮೇತ ಪಕ್ಕದ ಮನೆಯ ಕಾರಿನ ಮೇಲೆ ಹೋಗಿ ಕೂತಿತ್ತು. ಚಪ್ಪರವನ್ನು ಪ್ಯಾರಾಪೆಟ್ ಗೋಡೆಗೋ ಕಬ್ಬಿಣದ ಕಂಬಕ್ಕೋ ಬಿಗಿದು ಕಟ್ಟಿ. ಬೀಜ ಹಾಕುವ ಮುಂಚೆ ಕಟ್ಟಿ, ಬಳ್ಳಿ ಹಬ್ಬಿದ ಮೇಲೆ ಆಗದ ಕೆಲಸ ಅದು.

ಪುನರ್ವಸು, ಪುಷ್ಯ, ಅಂದರೆ ಜುಲೈ: ಅವರೆ. ನಾಟಿ ಅವರೆ ಹಗಲು ಚಿಕ್ಕದಾದ ಮೇಲೇ ಹೂ ಬಿಡುವ ಗಿಡ. ಮಾರ್ಚಿನಲ್ಲಿ ಹಾಕಿದರೆ ತಿಂಗಳುಗಟ್ಟಲೆ ಬರೀ ಎಲೆ. ಜುಲೈನಲ್ಲಿ ಹಾಕಿದರೆ ಚಳಿಗೆ ಸರಿಯಾಗಿ ಸೊಗಡಿನ ಕಾಯಿ. ಕಾಲ ನೋಡದೆ ಬೆಳೆಯಬೇಕು ಅನ್ನುವವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–4 ಇದೆ. ಸೊಗಡಿನ ವಿಷಯ ಮಾತ್ರ ನನ್ನ ಹತ್ತಿರ ಕೇಳಬೇಡಿ, ಜಗಳ ಆಗುತ್ತದೆ.

ಮಘೆ, ಹುಬ್ಬೆ: ಆಗಸ್ಟ್ 17ರಿಂದ ಸೆಪ್ಟೆಂಬರ್ ಮಧ್ಯ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅನ್ನುವ ಗಾದೆ ಹೊಲಕ್ಕೆ ಸರಿ. ಚೀಲದ ಗಿಡಕ್ಕೆ ಜಾಸ್ತಿ ಆಗುತ್ತದೆ. ಬೆಂಗಳೂರಿಗೆ ಅತಿ ಹೆಚ್ಚು ಮಳೆ ಸೆಪ್ಟೆಂಬರಿನಲ್ಲೇ. ಚೀಲದ ತೂತುಗಳಿಗೆ ಕಡ್ಡಿ ಹಾಕಿ ನೋಡಿ, ಬೇರು ಕಟ್ಟಿಕೊಂಡಿದ್ದರೆ ಬಿಡಿಸಿ. ಚಳಿಗಾಲದ ಎಲೆಕೋಸು, ಹೂಕೋಸಿನ ಸಸಿಯನ್ನೂ ಈಗಲೇ ಎಬ್ಬಿಸಬೇಕು.

ಕರಾವಳಿ, ಮಲೆನಾಡಿನವರಿಗೆ ಈ ಪಟ್ಟಿ ಹಾಗೇ ಹೊಂದುವುದಿಲ್ಲ. ಅಲ್ಲಿ ಜೋರು ಮಳೆ ಹಿಡಿಯುವ ಮುಂಚೆ ಬೆಂಡೆ, ಮುಳ್ಳುಸೌತೆ, ಹೀರೆ ನಾಲ್ಕೆಲೆ ಬಿಟ್ಟಿರಬೇಕು. ಕಲಬುರಗಿ, ರಾಯಚೂರಿನ ಕಡೆ ಜೂನ್ ಮಧ್ಯದವರೆಗೂ ಹಸಿರು ನೆರಳು ಪರದೆ ಇಳಿಸಬೇಡಿ.

ಹುಳ, ಬಸವನಹುಳು, ಮತ್ತೆ ಕಾಯಿ ಕಟ್ಟದ ಹೂ

ಬೇವಿನೆಣ್ಣೆ ಲೀಟರಿಗೆ 5 ಮಿಲಿ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು, ಚೆನ್ನಾಗಿ ಕುಲುಕಿ ಸಂಜೆ ಸಿಂಪಡಿಸಿ. ಎಲೆಯ ಕೆಳಗೆ ಸಿಂಪಡಿಸಿ, ಸಸ್ಯಹೇನು, ಬಿಳಿನೊಣ ಇರುವುದು ಅಲ್ಲೇ. ಎಲೆಯ ಮೇಲೆ ಬೂದಿ ಚೆಲ್ಲಿದಂತೆ ಕಂಡರೆ ಹುಳಿ ಮಜ್ಜಿಗೆಗೆ ಹತ್ತರಷ್ಟು ನೀರು ಬೆರೆಸಿ ಹೊಡೆಯಿರಿ, ಶುರುವಿನಲ್ಲಾದರೆ ಹತೋಟಿಗೆ ಬರುತ್ತದೆ. ಆಫ್ರಿಕನ್ ಬಸವನಹುಳು ನೆಲದ ತೋಟಕ್ಕೆ ದೊಡ್ಡ ಪೀಡೆ. ರಾತ್ರಿ ಒಂಬತ್ತರ ಮೇಲೆ ಟಾರ್ಚು ಹಿಡಿದು ಹೋಗಿ, ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ. ಪಪ್ಪಾಯಿ ಎಲೆಯನ್ನು ಒದ್ದೆ ಗೋಣಿಯ ಕೆಳಗೆ ಇಟ್ಟರೆ ಬೆಳಗ್ಗೆ ಅಲ್ಲೇ ಗುಂಪಾಗಿ ಸಿಗುತ್ತವೆ.

ಬಳ್ಳಿಯ ತುಂಬ ಹೂವಿದ್ದು ಕಾಯಿ ಉದುರುತ್ತಿದ್ದರೆ ತಾರಸಿಗೆ ಜೇನು ಬರುತ್ತಿಲ್ಲ ಅಂತ. ಹೆಣ್ಣು ಹೂವಿನ ಹಿಂದೆ ಬೆರಳ ತುದಿಯಷ್ಟು ಕಾಯಿ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಗಂಡು ಹೂ ಕಿತ್ತು, ದಳ ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಹೊತ್ತು ಮುಖ್ಯ. ಹಾಗಲ, ಕುಂಬಳ, ಸೌತೆ ಬೆಳಗ್ಗೆ ಅರಳುತ್ತವೆ. ಹೀರೆ, ಪಡವಲ, ಸೋರೆ ಸಂಜೆ. ನಾನು ಒಂದು ತಿಂಗಳು ದಿನಾ ಬೆಳಗ್ಗೆ ಕಾಫಿ ಹಿಡಿದು ಹೋಗಿ, ಮುದುಡಿದ ಹೀರೆ ಹೂವನ್ನು ಬಿಡಿಸಿ ಬಿಡಿಸಿ ಸವರುತ್ತಿದ್ದೆ. ಆಮೇಲೊಂದು ದಿನ ಸಂಜೆ ಆರಕ್ಕೆ ಬಟ್ಟೆ ತೆಗೆಯಲು ಹೋದಾಗ ಇಡೀ ಚಪ್ಪರ ಹಳದಿಯಾಗಿತ್ತು.

ನಾಲ್ಕು ಚೀಲ ಖಾಲಿ ಉಳಿಸಿಕೊಳ್ಳಿ. ಜುಲೈನಲ್ಲಿ ಯಾರಾದರೂ ಊರಿಂದ ಬಂದವರು ಒಂದು ಹಿಡಿ ಬೀಜವೋ ಸಸಿಯೋ ತಂದೇ ತರುತ್ತಾರೆ. ಹೋದ ವರ್ಷ ಅತ್ತೆಯ ತಂಗಿ ಸೀರೆ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ತಂದ ತಿಂಗಳವರೆ ಬೀಜ ಹಾಕಲು ಜಾಗ ಇರಲಿಲ್ಲ. ಅರಳುತ್ತಿದ್ದ ಎರಡು ಚೆಂಡುಹೂ ಗಿಡ ಕೀಳಬೇಕಾಯಿತು.